ಶಿರಸಿ ಕಡೆಯ ತೋಟದ ಮನೆಗೆ ಫೈಬರ್ ಎಳೆಸುವುದೋ, ಏರ್‌ಫೈಬರ್ ಹಾಕಿಸುವುದೋ?

ತೋಟದಮನೆ ಕೇಳಿದ್ದು:

ಮನೆ ಹುಲೇಕಲ್ ಕಡೆ, ಡಾಂಬರು ರಸ್ತೆಯಿಂದ ಒಳಗೆ. ಕೆಳಗೆ ಅಡಕೆ ತೋಟ, ತೋಟದ ತಲೆಯಲ್ಲಿ ಮನೆ, ಹಿಂದೆ ಸೊಪ್ಪಿನ ಬೆಟ್ಟ. ಹೆಂಚಿನ ಮಾಡು, ಚಿರೆಕಲ್ಲಿನ ದಪ್ಪ ಗೋಡೆ. ಇಬ್ಬರು ಮನೆಯಿಂದಲೇ ಕಂಪನಿ ಕೆಲಸ ಮಾಡುವವರು, ದಿನಕ್ಕೆ ಮೂರು-ನಾಲ್ಕು ತಾಸು ವಿಡಿಯೋ ಕಾಲ್. ಸಂಜೆ ಟಿವಿ. ಅಡಕೆ ಒಣಗಿಸುವ ಅಂಗಳಕ್ಕೆ ಎರಡು ಕ್ಯಾಮೆರಾ ಹಾಕುವ ಯೋಚನೆಯೂ ಇದೆ.

ಈಗ ಎರಡು ದಾರಿ ಕಾಣುತ್ತಿದೆ. ಊರಿನ ಕೇಬಲ್‌ನವರು ಫೈಬರ್ ಕೊಡಲು ತಯಾರಿದ್ದಾರೆ. ಅವರ ಕೊನೆಯ ಡಬ್ಬಿ ರಸ್ತೆ ಬದಿ ಕಂಬದಲ್ಲಿದೆ, ಅಲ್ಲಿಂದ ತೋಟದ ನಡುವೆ ಹಾಯ್ದು ಮನೆಗೆ 450 ಮೀಟರ್. ಉಕ್ಕಿನ ತಂತಿ ಇರುವ ಕಪ್ಪು ಡ್ರಾಪ್ ವಯರನ್ನು ಅಡಕೆ ಮರಗಳಿಗೇ ಕಟ್ಟಿಕೊಂಡು ಬರುತ್ತಾರಂತೆ. ಇನ್ನೊಂದು ದಾರಿ 5ಜಿ ಏರ್‌ಫೈಬರ್: ವಯರ್ ಇಲ್ಲದೆ ಮೊಬೈಲ್ ಗೋಪುರದಿಂದ ನೆಟ್ ಹಿಡಿಯಲು ಮಾಡಿನ ಮೇಲೆ ಒಂದು ಪೆಟ್ಟಿಗೆ, ಒಳಗೆ ರೂಟರ್, ಎರಡು ದಿನದಲ್ಲಿ ಚಾಲೂ ಎಂದಿದ್ದಾರೆ.

ಫೋನಿನಲ್ಲಿ ನೋಡಿದ ಸಿಗ್ನಲ್ ಹೀಗಿದೆ. ನಡುಮನೆಯಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ಲಿನ ಬಲ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು) ಮೈನಸ್ 112. ಅಂಗಳದ ತುದಿಯಲ್ಲಿ ಮೈನಸ್ 101. ಬೆಟ್ಟದಲ್ಲಿ 80 ಮೀಟರ್ ಮೇಲೆ ಹತ್ತಿದರೆ ಮೈನಸ್ 88. ಮಳೆಗಾಲದಲ್ಲಿ ಕರೆಂಟು ಒಮ್ಮೊಮ್ಮೆ ಇಡೀ ದಿನ ಇರುವುದಿಲ್ಲ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕು. ಯಾವುದು ಒಳ್ಳೆಯದು, ಹಾಕಿಸುವಾಗ ಏನೇನು ಹಿಡಿದು ಕೇಳಬೇಕು?

---

ಬೆಸುಗೆ ಉತ್ತರ:

ಫೈಬರ್ ಹಾಕಿಸಿ. ಆದರೆ ಅವರು ಹೇಳಿದ ರೀತಿಯಲ್ಲಿ ಬೇಡ. ಅಡಕೆ ಮರಕ್ಕೆ ಕಟ್ಟಿದ ಉಕ್ಕಿನ ತಂತಿಯ ವಯರ್ ಮೊದಲ ಮಳೆಗಾಲ ದಾಟುವುದೇ ಕಷ್ಟ.

ಯಾಕೆಂದರೆ ಅಡಕೆ ಮರ ಕಂಬವಲ್ಲ. ಆಷಾಢದ ಗಾಳಿಗೆ ಪ್ರತಿ ಮರವೂ ತನ್ನ ಲೆಕ್ಕದಲ್ಲಿ ತೂಗುತ್ತದೆ, ಎರಡು ಮರದ ನಡುವಿನ ವಯರ್ ಒಮ್ಮೆ ಬಿಗಿದು ಒಮ್ಮೆ ಸಡಿಲಾಗುತ್ತದೆ. ಕಟ್ಟಿದ ಜಾಗದಲ್ಲಿ ಹೊರಕವಚ ತಿರುಚಿ ಒಳಗಿನ ಎಳೆ ಬಾಗುತ್ತದೆ. ಅದರ ಮೇಲೆ ಹಸಿ ಹಾಳೆ ಸಮೇತ ಸೋಗೆ ಬೀಳುತ್ತದೆ. ಕೊಳೆ ಔಷಧಿ ಹೊಡೆಯುವಾಗ ಪೈಪು ಸಿಕ್ಕಿಬೀಳುತ್ತದೆ, ಅಡಕೆ ಕೊನೆ ಇಳಿಸುವಾಗ ಹಗ್ಗ ತಾಗುತ್ತದೆ, ಉಳಿದದ್ದನ್ನು ಮಂಗ ನೋಡಿಕೊಳ್ಳುತ್ತದೆ. ವಯರ್ ಪೂರ್ತಿ ಹರಿದರೆ ಒಂದು ರೀತಿ ಒಳ್ಳೆಯದೇ, ಹರಿದ ಜಾಗ ಕಣ್ಣಿಗೆ ಕಾಣುತ್ತದೆ. ಅರ್ಧ ಬಾಗಿದ ಎಳೆ ಬಿಸಿಲಿಗೆ ಸರಿ, ಗಾಳಿಮಳೆಗೆ ಬಂದ್. ಅದನ್ನು ಹುಡುಕುವುದರಲ್ಲಿ ಮಳೆಗಾಲವೇ ಮುಗಿಯುತ್ತದೆ.

ತೋಟದ ನಡುವೆ ತರಬೇಡಿ. ತೋಟದ ಅಂಚಿನ ದರೆಯ ಮೇಲಿನಿಂದ, ಬೇಲಿಯ ಗುಂಟ ತನ್ನಿ. 450 ಮೀಟರ್ 550 ಆದರೂ ಚಿಂತೆಯಿಲ್ಲ, ಫೈಬರಿನಲ್ಲಿ 100 ಮೀಟರಿಗೆ ಕಳೆದುಹೋಗುವ ಬೆಳಕು 0.03 ಡಿಬಿಯಷ್ಟೇ (ಡಿಬಿ ಎಂದರೆ ಬೆಳಕಿನ ನಷ್ಟ ಅಳೆಯುವ ಮಾನ). ಕಲ್ಲಿನ ಅಥವಾ ಸಿಮೆಂಟಿನ ಬೇಲಿಕಂಬ ಸಾಲದು, ಕನಿಷ್ಠ 5 ಮೀಟರ್ ಎತ್ತರದ ಜಿಐ ಪೈಪು ನಿಲ್ಲಿಸಬೇಕು. ಎರಡು ಕಂಬಗಳ ಅಂತರ 40 ಮೀಟರ್ ಮೀರಬಾರದು. ಅಂದರೆ 13-14 ಕಂಬ. ಅಷ್ಟು ಬೇಡವೆಂದರೆ ಎಡಿಎಸ್‌ಎಸ್ ಎಂಬ ಲೋಹವಿಲ್ಲದ, ಒಳಗೆ ಅರಮಿಡ್ ನೂಲಿರುವ ಕೇಬಲ್ ಕೇಳಿ. ಅದನ್ನು 80 ಮೀಟರ್ ಅಂತರಕ್ಕೂ ಕಟ್ಟಬಹುದು, ಕಂಬ ಅರ್ಧಕ್ಕೆ ಇಳಿಯುತ್ತದೆ. ಮೀಟರಿಗೆ ಕೆಲವು ರೂಪಾಯಿ ಹೆಚ್ಚು ಬೀಳುತ್ತದೆ, ಆ ಹಣ ಕೊಡಿ. ಒಂದೆಳೆಯದು ಬೇಡ, ನಾಲ್ಕೆಳೆಯದು ತನ್ನಿ. ಒಂದು ಎಳೆ ಕೆಟ್ಟರೆ ಎರಡೂ ತುದಿಯಲ್ಲಿ ಪಕ್ಕದ ಎಳೆಗೆ ಬದಲಿಸಿದರೆ ಮುಗಿಯಿತು.

ಉಕ್ಕಿನ ತಂತಿ ಬೇಡ ಎನ್ನುವುದಕ್ಕೆ ಗಾಳಿಗಿಂತ ದೊಡ್ಡ ಕಾರಣ ಜೀವದ್ದು. ಫೈಬರ್ ಗಾಜು, ಕರೆಂಟು ಹರಿಯುವುದಿಲ್ಲ. ಆದರೆ ಅದರ ಪಕ್ಕದ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಕೇಬಲ್ ರಸ್ತೆ ಬದಿಯ ವಿದ್ಯುತ್ ಕಂಬಗಳ ಮೇಲೆ ಬಂದಿದ್ದು, ಮರ ಬಿದ್ದು ಹೆಸ್ಕಾಂ ತಂತಿ ಹರಿದು ಇದರ ಮೇಲೆ ಬಿದ್ದರೆ ನಿಮ್ಮ ಜಗಲಿಯ ತನಕ ತಂತಿ ಜೀವಂತ. ಸಿಡಿಲಿಗೂ ಅದೇ ದಾರಿ. ಬೇರೆ ವಯರ್ ಸಿಗಲೇ ಇಲ್ಲ ಎಂದಾದರೆ, ಮನೆಯಿಂದ 10-15 ಮೀಟರ್ ಆಚೆಯ ಕೊನೆಯ ಕಂಬದಲ್ಲೇ ಉಕ್ಕಿನ ತಂತಿಯನ್ನು ಸೀಳಿ ಬೇರ್ಪಡಿಸಿ ಅಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮನೆಗೆ ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಕಡ್ಡಿಯ ವಯರ್ ಮಾತ್ರ ಬರಬೇಕು.

ನೆಲದಡಿ ಹಾಕುತ್ತೇನೆ ಎಂದರೆ 25 ಮಿ.ಮೀ. ಎಚ್‌ಡಿಪಿಇ ಪೈಪಿನೊಳಗೆ, ಒಂದೂವರೆ ಅಡಿಗಿಂತ ಆಳದಲ್ಲಿ, ಕಾಲುದಾರಿಯ ಬದಿಗೆ. ತೋಟದೊಳಗೆ ಮಾತ್ರ ಹೂಳಬೇಡಿ. ಬಸಿಗಾಲುವೆ ತೆಗೆಯುವಾಗ, ಮಣ್ಣು ಏರಿಸುವಾಗ ಗುದ್ದಲಿಗೆ ಸಿಗುವುದು ಖಂಡಿತ. ಕಾಡುಹಂದಿ ಬರುವ ಜಾಗವಾದರೆ ಪೈಪಿನ ಮೇಲೆ ಚಪ್ಪಡಿ ಹಾಸಿ ಮಣ್ಣು ಮುಚ್ಚಿ.

ಇನ್ನು ಅಳತೆ. ಹಾಕಿದ ದಿನವೇ ಆಪ್ಟಿಕಲ್ ಪವರ್ ಮೀಟರನ್ನು 1490 ನ್ಯಾನೋಮೀಟರಿಗೆ ಇಟ್ಟು ಮನೆಯ ತುದಿಯಲ್ಲಿ ಅಳೆಯಲು ಹೇಳಿ, ಅಂಕಿ ಬರೆದಿಟ್ಟುಕೊಳ್ಳಿ. ಜಿಪಾನ್‌ನಲ್ಲಿ (ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಮೈನಸ್ 27 ಡಿಬಿಎಂ ಎಂದರೆ ಮೋಡೆಮ್ ಕಾಣಬಲ್ಲ ಕಡೆಯ ಬೆಳಕು. ಲೆಕ್ಕ ಹೀಗೆ ಹಾಕಿ: ಕೇಬಲ್‌ನವರ ಓಎಲ್‌ಟಿಯಿಂದ (ಅವರ ಕಡೆಯಲ್ಲಿ ಬೆಳಕು ಕಳಿಸುವ ಯಂತ್ರ) ಹೊರಡುವುದು ಪ್ಲಸ್ 3. ದಾರಿಯಲ್ಲಿ ಬೆಳಕನ್ನು ಹಂಚುವ, ಒಂದಕ್ಕೆ ನಾಲ್ಕರ ಸ್ಪ್ಲಿಟರ್ 7.2, ಒಂದಕ್ಕೆ ಎಂಟರದ್ದು 10.5 ತಿನ್ನುತ್ತದೆ. 6 ಕಿ.ಮೀ. ಕೇಬಲ್ ಒಂದೂವರೆ, ಎಳೆಗೆ ಎಳೆ ಕೂಡಿಸಿದ ಎಂಟು ಬೆಸುಗೆ 0.8, ಕನೆಕ್ಟರುಗಳು 1.2. ಒಟ್ಟು 21.2 ಹೋಯಿತು, ಮನೆಗೆ ಮುಟ್ಟುವುದು ಸುಮಾರು ಮೈನಸ್ 18. ಮೈನಸ್ 22ರ ತನಕ ನೆಮ್ಮದಿ. ಮೇ ತಿಂಗಳ ಒಣ ಬಿಸಿಲಲ್ಲೇ ಮೈನಸ್ 25 ತೋರಿಸಿದರೆ ಒಪ್ಪಬೇಡಿ, ಮಳೆಗೆ ಇನ್ನೆರಡು ಡಿಬಿ ಜಾರಿ ಬೆಳಕು ಬರುತ್ತಿಲ್ಲ ಎನ್ನುವ ಎಲ್‌ಓಎಸ್ ಕೆಂಪು ದೀಪ ಹತ್ತುತ್ತದೆ.

ಜೋಡಣೆ ಎಲ್ಲ ಕಡೆ ಯಂತ್ರದ ಬೆಸುಗೆಯೇ ಆಗಬೇಕು. ಕೈಯಲ್ಲಿ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರನ್ನು ಹೊರಗಿನ ಡಬ್ಬಿಯಲ್ಲಿ ಹಾಕಲು ಬಿಡಬೇಡಿ. ಅದರೊಳಗಿನ ಜೆಲ್ ಕೆಟ್ಟು ಬೆಳಕು ತಡೆಯುತ್ತದೆ. ಇನ್ನೊಂದು, ಹಸಿರು ತಲೆಯ ಎಪಿಸಿ ಕನೆಕ್ಟರಿಗೆ ನೀಲಿ ತಲೆಯ ಯುಪಿಸಿ ಜೋಡಿಸಬಾರದು. ತುದಿ 8 ಡಿಗ್ರಿ ಓರೆ ಇರುವುದಕ್ಕೂ ನೇರ ಇರುವುದಕ್ಕೂ ನಡುವೆ ಗಾಳಿ ಉಳಿದು 3-4 ಡಿಬಿ ಸುಮ್ಮನೆ ಹೋಗುತ್ತದೆ. ಡಬ್ಬಿಯ ಕೇಬಲ್ ತೂತುಗಳು ಕೆಳಮುಖವಾಗಿರಲಿ, ಬಾಯಿ ಮುಚ್ಚಿರಲಿ. ಇಲ್ಲದಿದ್ದರೆ ಒಳಗೆ ಇರುವೆ ಗೂಡು ಕಟ್ಟುತ್ತದೆ.

---

ಗೋಪುರ ಉತ್ತರ:

ಬೆಸುಗೆಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ವೈರ್‌ಲೆಸ್ಸನ್ನು ಅಳೆಯದೆ ಬಿಡಬೇಡಿ. ಮೈನಸ್ 101 ಎಂಬ ಒಂದೇ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಯಾವ ಬ್ಯಾಂಡ್ (ಸಿಗ್ನಲ್ ಬರುವ ಅಲೆಗಳ ಪಟ್ಟಿ), ಎಸ್‌ಐಎನ್‌ಆರ್ ಎಷ್ಟು, ಇವೆರಡು ಬೇಕು.

ಆರ್‌ಎಸ್‌ಆರ್‌ಪಿ ಎಂದರೆ ಗೋಪುರದ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತದೆ ಎನ್ನುವುದು. ಎಸ್‌ಐಎನ್‌ಆರ್ ಎಂದರೆ ಸುತ್ತಲಿನ ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಎನ್ನುವುದು. ಮೈನಸ್ 100 ಇದ್ದೂ ಎಸ್‌ಐಎನ್‌ಆರ್ 15 ಇದ್ದರೆ ಕೆಲಸ ನಡೆಯುತ್ತದೆ. ಮೈನಸ್ 85 ಇದ್ದೂ ಎಸ್‌ಐಎನ್‌ಆರ್ 2 ಇದ್ದರೆ ವಿಡಿಯೋ ಕಾಲ್ ಕಡಿಯುತ್ತದೆ. ನಮ್ಮ ಘಟ್ಟದ ಮೇಲಿನ ಕಣಿವೆಗಳಲ್ಲಿ ಎರಡು ಗುಡ್ಡದ ಎರಡು ಗೋಪುರ ಒಂದೇ ಬಲದಲ್ಲಿ ಕೇಳುವ ಜಾಗ ಬಹಳ. ಅಲ್ಲಿ ಕಡ್ಡಿ ನಾಲ್ಕು ಕಾಣುತ್ತದೆ, ಡೇಟಾ ಓಡುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಹೆಚ್ಚಿನವುಗಳಲ್ಲಿ ಅಂಕಿ ಸಿಗುತ್ತದೆ, ಐಫೋನಿನಲ್ಲಿ *3001#12345#*. ಬ್ಯಾಂಡ್ ತೋರಿಸುವ ಉಚಿತ ಆಪ್‌ಗಳೂ ಇವೆ.

ಬ್ಯಾಂಡ್ ಯಾಕೆ ಮುಖ್ಯ ಎಂದರೆ, 5ಜಿಯ ನಿಜವಾದ ವೇಗ ಇರುವುದು 3500 ಮೆಗಾಹರ್ಟ್ಸ್‌ನ ಎನ್78ರಲ್ಲಿ. ಅದರ ಅಲೆಯ ಉದ್ದ ಸುಮಾರು 8.5 ಸೆಂ.ಮೀ. ಒದ್ದೆ ಎಲೆ ಅದಕ್ಕೆ ಗೋಡೆಯಿದ್ದಂತೆ. 700 ಮೆಗಾಹರ್ಟ್ಸ್‌ನ ಎನ್28ರ ಅಲೆ 43 ಸೆಂ.ಮೀ.ಯಷ್ಟಿದೆ, ತೋಟದ ಮೇಲೂ ಗುಡ್ಡದ ಅಂಚಿನಲ್ಲೂ ಬಾಗಿ ಬರುತ್ತದೆ. ಆದರೆ ಆ ಬ್ಯಾಂಡಿನಲ್ಲಿ ಜಾಗ ಕಡಿಮೆ, ಸಂಜೆ ಎಲ್ಲರೂ ಕೂತರೆ ವೇಗ ಬೀಳುತ್ತದೆ. ನಿಮ್ಮ ಮನೆಗೆ ಬರುತ್ತಿರುವುದು 700 ಮಾತ್ರವಾದರೆ 5ಜಿ ಎಂಬ ಹೆಸರಿಗೆ ಮರುಳಾಗಬೇಡಿ.

ಮಳೆ ಬಂದರೆ ಏರ್‌ಫೈಬರ್ ನಿಲ್ಲುತ್ತದೆ ಎಂಬ ಮಾತು ಅರ್ಧ ಸತ್ಯ. 3500ರಲ್ಲಿ ಮಳೆಹನಿಯಿಂದ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ನಷ್ಟ ಮಾಡುವುದು ನೀರು ಹಿಡಿದುಕೊಂಡ ಸೋಗೆ. ಅದಕ್ಕಿಂತ ದೊಡ್ಡ ಕಾರಣ ಗೋಪುರದ ಹಿಂದೆ ಇರುತ್ತದೆ. ಗೋಪುರಕ್ಕೆ ಫೈಬರ್ ಬಂದಿದೆಯೋ, ಇಲ್ಲ ದುಂಡನೆಯ ಮೈಕ್ರೋವೇವ್ ತಟ್ಟೆಯಿಂದ ಮತ್ತೊಂದು ಗುಡ್ಡಕ್ಕೆ ಜೋಡಣೆಯೋ ನೋಡಿ ಬನ್ನಿ. ಆ ತಟ್ಟೆಗಳು ಸಾಮಾನ್ಯವಾಗಿ 15ರಿಂದ 23 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಜಡಿಮಳೆಗೆ ಕುಸಿಯುವುದು ಅವು. ನಿಮ್ಮ ಪೆಟ್ಟಿಗೆಯಲ್ಲಿ ಸಿಗ್ನಲ್ ತುಂಬಾ ಇದ್ದು ನೆಟ್ ಮಾತ್ರ ಇಲ್ಲ ಎಂಬ ಸ್ಥಿತಿ ಬರುವುದು ಆಗಲೇ.

ಪರೀಕ್ಷೆ ಹೀಗೆ ಮಾಡಿ. ಅದೇ ಕಂಪನಿಯ 5ಜಿ ಸಿಮ್ ಇರುವ ಫೋನನ್ನು ಏಣಿ ಹತ್ತಿ ಮಾಡಿನ ನೆತ್ತಿಯ ಎತ್ತರದಲ್ಲಿ ಹಿಡಿದು, ಬೆಳಿಗ್ಗೆ 10ಕ್ಕೊಮ್ಮೆ, ರಾತ್ರಿ 9ಕ್ಕೊಮ್ಮೆ, ಮೂರು ದಿನ ಅಳೆಯಿರಿ. ಇಳಿಯುವ ವೇಗಕ್ಕಿಂತ (ಡೌನ್‌ಲೋಡ್) ಏರುವ ವೇಗ (ಅಪ್‌ಲೋಡ್) ನೋಡಿ. ಇಬ್ಬರ ವಿಡಿಯೋ ಕಾಲಿಗೆ ಏರಿಕೆ ಕನಿಷ್ಠ 8 ಎಂಬಿಪಿಎಸ್ ಸ್ಥಿರವಾಗಿ ಬೇಕು. ರಾತ್ರಿ 9ಕ್ಕೆ ಅಷ್ಟು ಬರದಿದ್ದರೆ ಅಲ್ಲಿಗೆ ಮುಗಿಯಿತು. ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು) 30 ಮಿಲಿಸೆಕೆಂಡಿನಿಂದ 200ಕ್ಕೆ ಜಿಗಿಯುತ್ತಿದ್ದರೂ ಅಷ್ಟೇ.

ಡೇಟಾ ಲೆಕ್ಕವನ್ನೂ ಹಾಕಿಕೊಳ್ಳಿ. ಏರ್‌ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 1000 ಜಿಬಿ ಮಿತಿ, ಫೈಬರಿನಲ್ಲಿ 3300 ಜಿಬಿ ಬರೆದಿರುವುದು ಹೆಚ್ಚು. ನಿಮ್ಮ ವಿಡಿಯೋ ಕಾಲ್ ಇಬ್ಬರದ್ದೂ ಸೇರಿ 230 ಜಿಬಿ, ದಿನಕ್ಕೆ ಮೂರು ತಾಸು ಎಚ್‌ಡಿ ಟಿವಿ 270. ಕ್ಯಾಮೆರಾ ದಿನವಿಡೀ 1 ಎಂಬಿಪಿಎಸ್‌ನಲ್ಲಿ ಕ್ಲೌಡಿಗೆ ಕಳಿಸುತ್ತಿದ್ದರೆ ಒಂದಕ್ಕೇ ದಿನಕ್ಕೆ 10.8 ಜಿಬಿ, ಎರಡಕ್ಕೆ ತಿಂಗಳಿಗೆ 648. ಅಲ್ಲಿಗೆ 1000 ದಾಟಿತು. ಕ್ಯಾಮೆರಾವನ್ನು ಒಳಗಿನ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಿಸಿ, ಚಲನೆ ಕಂಡಾಗ ಮಾತ್ರ ಕಳಿಸುವಂತೆ ಇಡಿ. ಏರ್‌ಫೈಬರಿನಲ್ಲಿ ಮನೆಗೇ ಬೇರೆ ಐಪಿವಿ4 ವಿಳಾಸ ಸಿಗುವುದಿಲ್ಲ, ನೂರಾರು ಮನೆಗೆ ಒಂದನ್ನೇ ಹಂಚಿರುತ್ತಾರೆ. ಹಾಗಾಗಿ ಪೋರ್ಟ್ ತೆರೆದು ನೋಡುವ ಹಳೆಯ ಡಿವಿಆರ್ ನಡೆಯದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆಪ್‌ನಲ್ಲಿ ಸೇರಿಸುವ ಬಗೆಯದು ತನ್ನಿ.

ಬೆಟ್ಟದ ಮೇಲೆ ಮೈನಸ್ 88 ಇದೆ ಎಂದು ಅಲ್ಲಿ ಪೆಟ್ಟಿಗೆ ನಿಲ್ಲಿಸುವ ಆಸೆ ಹುಟ್ಟುತ್ತದೆ. ಅದಕ್ಕೆ ಅಲ್ಲಿ ಕರೆಂಟು ಬೇಕು. ಪೆಟ್ಟಿಗೆ 15 ವ್ಯಾಟ್ ತಿಂದರೆ ದಿನಕ್ಕೆ 360 ವ್ಯಾಟ್-ಅವರ್. 100 ವ್ಯಾಟಿನ ಸೋಲಾರ್ ಫಲಕ ಜುಲೈ ಮೋಡದಲ್ಲಿ 150 ಕೊಟ್ಟರೆ ಹೆಚ್ಚು. ಮನೆಯಿಂದ ಲ್ಯಾನ್ ಕೇಬಲಿನಲ್ಲೇ ಕರೆಂಟು ಕಳಿಸಬಹುದು, 100 ಮೀಟರ್ ಮಿತಿಯೊಳಗೇ ಇದೆ, ಆದರೆ ಬೆಟ್ಟದ ತಲೆಯಿಂದ ನಡುಮನೆಗೆ 80 ಮೀಟರ್ ತಾಮ್ರ ಎಳೆದರೆ ಅದು ಸಿಡಿಲಿಗೆ ಹಾಕಿಕೊಟ್ಟ ದಾರಿ.

---

ಕಾಳಿದಂಡೆ ಉತ್ತರ:

ಪ್ರಶ್ನೆ ಶಿರಸಿಯದ್ದು. ಓದುವವರಲ್ಲಿ ಕರಾವಳಿಯವರೂ ಇರುತ್ತಾರೆ, ಇಲ್ಲಿಯ ಲೆಕ್ಕ ಬೇರೆ ಇರುವುದರಿಂದ ಬರೆಯುತ್ತಿದ್ದೇನೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ತೊಂದರೆ ಕೊಡುವುದು ಸೋಗೆಯಲ್ಲ, ಉಪ್ಪು. ಕೋಡಿಬಾಗ, ಬೈತಖೋಲದಂಥ ಸಮುದ್ರಕ್ಕೆ ಹತ್ತಿರದ ಜಾಗದಲ್ಲಿ ಡ್ರಾಪ್ ವಯರಿನ ಉಕ್ಕಿನ ತಂತಿ ಹೊರಗಿನಿಂದ ಸರಿಯಾಗೇ ಕಾಣುತ್ತದೆ, ಹುಕ್ಕಿಗೆ ಸುತ್ತಿದ ಜಾಗದಲ್ಲಿ ಕವಚ ಸೀಳಿ ಒಳಗೆ ತುಕ್ಕು ಹಿಡಿದಿರುತ್ತದೆ. ಒಂದು ಗಾಳಿಗೆ ತುಂಡಾಗಿ ಭಾರವೆಲ್ಲ ಗಾಜಿನ ಎಳೆಯ ಮೇಲೆ ಬೀಳುತ್ತದೆ. ಇಲ್ಲೂ ಎಫ್‌ಆರ್‌ಪಿ ವಯರೇ ಸರಿ. ಹುಕ್ಕು, ಕ್ಲ್ಯಾಂಪ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ. 304 ಸಮುದ್ರದ ಗಾಳಿಗೆ ಕಂದು ಕಲೆ ಕಟ್ಟುತ್ತದೆ.

ಏರ್‌ಫೈಬರ್ ಪೆಟ್ಟಿಗೆಯಲ್ಲಿ ಮೊದಲು ಹೋಗುವುದು ರೇಡಿಯೋ ಅಲ್ಲ, ಅಡಿಯಲ್ಲಿರುವ ಆರ್‌ಜೆ45 ಪಿನ್ನು. ತಾಮ್ರದ ಮೇಲೆ ಹಸಿರು ಪುಡಿ ಕೂತು 1000 ಎಂಬಿಪಿಎಸ್ ಇದ್ದ ಜೋಡಣೆ 100ಕ್ಕೆ ಇಳಿಯುತ್ತದೆ, ಆಮೇಲೆ ಆಗಾಗ ಕಡಿಯುತ್ತದೆ. ಹಾಕಿಸುವಾಗಲೇ ಪಿನ್ನಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ, ಕೇಬಲ್ ಒಳಹೋಗುವ ಗ್ಲ್ಯಾಂಡಿನ ರಬ್ಬರ್ ಪೂರ್ತಿ ಬಿಗಿಸಿ, ಕೇಬಲನ್ನು ಪೆಟ್ಟಿಗೆಗಿಂತ ಕೆಳಗೆ ಇಳಿಸಿ ಒಂದು ಬಳಸು ಕೊಟ್ಟು ಒಳಗೆ ತನ್ನಿ. ನೀರು ಆ ಬಳಸಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯ ತೂತಿಗೆ ಬರುವುದಿಲ್ಲ. ಕೇಬಲ್ ಕಪ್ಪು ಯುವಿ ಕವಚದ, ಶುದ್ಧ ತಾಮ್ರದ ಕ್ಯಾಟ್6 ಇರಲಿ. ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದ ಸಿಸಿಎ ಕೇಬಲ್ ಅಗ್ಗ, ಉಪ್ಪುಗಾಳಿಗೆ ಬೇಗ ಮುರಿಯುತ್ತದೆ.

ಪೇಟೆಯ ಫ್ಲ್ಯಾಟಿನವರಿಗೆ ಸುಲಭ. ಕಟ್ಟಡದೊಳಗೆ ಫೈಬರ್ ಬಂದಿದ್ದರೆ ಅದನ್ನೇ ತೆಗೆದುಕೊಳ್ಳಿ. ಬಾಡಿಗೆ ಮನೆ, ವರ್ಷದೊಳಗೆ ಬಿಡುವುದಿದ್ದರೆ ಏರ್‌ಫೈಬರ್. ಕಾರವಾರದಲ್ಲಿ ಗುಡ್ಡ ಸಮುದ್ರಕ್ಕೇ ತಾಗಿ ನಿಂತಿರುವುದರಿಂದ ಗೋಪುರ ಗುಡ್ಡದ ಆಚೆಗಿದ್ದರೆ ಎರಡೇ ಬೀದಿಯ ಅಂತರದಲ್ಲಿ ಸಿಗ್ನಲ್ ಇಲ್ಲವಾಗುತ್ತದೆ. ಕಂಪನಿಯ ನಕ್ಷೆ ನಂಬದೆ ನಿಮ್ಮದೇ ಮಹಡಿಯಲ್ಲಿ ಅಳೆಯಿರಿ.

---

ನೆಲದತಂತಿ ಉತ್ತರ:

ಮನೆಯಲ್ಲಿ ಕರೆಂಟು ಹೋದಾಗಿನ ಮಾತು ಯಾರೂ ಮುಟ್ಟಿಲ್ಲ. ಮಲೆನಾಡಿನಲ್ಲಿ ಆಯ್ಕೆಯನ್ನು ಅರ್ಧ ನಿರ್ಧರಿಸುವುದು ಅದೇ.

ಫೈಬರ್ ಮೋಡೆಮ್ ಮತ್ತು ವೈಫೈ ಒಂದೇ ಡಬ್ಬಿಯಲ್ಲಿದ್ದರೆ ನಿಜವಾಗಿ ಎಳೆಯುವುದು ಸುಮಾರು 8 ವ್ಯಾಟ್. ಏರ್‌ಫೈಬರಿನಲ್ಲಿ ಹೊರಗಿನ ಪೆಟ್ಟಿಗೆ, ಒಳಗಿನ ರೂಟರ್ ಸೇರಿ 20ರಿಂದ 25. ಅಂದರೆ ಅಷ್ಟೇ ಹೊತ್ತು ಓಡಿಸಲು ವೈರ್‌ಲೆಸ್ಸಿಗೆ ಸುಮಾರು ಮೂರು ಪಟ್ಟು ಬ್ಯಾಟರಿ ಬೇಕು.

ಅಂಗಡಿಯಲ್ಲಿ ಸಿಗುವ ಮಿನಿ ಯುಪಿಎಸ್ ಮೇಲೆ 8000 ಎಂಎಎಚ್ ಎಂದು ಬರೆದಿರುತ್ತದೆ. ಅದು 12 ವೋಲ್ಟಿನ ಲೆಕ್ಕವಲ್ಲ, ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 8 ಗುಣಿಸು 3.7 ಅಂದರೆ 29.6 ವ್ಯಾಟ್-ಅವರ್, 12ಕ್ಕೆ ಏರಿಸುವಾಗ ಕಳೆಯುವುದು ಹೋಗಿ 24 ಉಳಿಯಿತು. ಫೈಬರ್ ಮೋಡೆಮ್ ಮೂರು ತಾಸು ಓಡುತ್ತದೆ, ಏರ್‌ಫೈಬರ್ ಒಂದೇ ತಾಸು. ಇಡೀ ದಿನ ಬೇಕೆಂದರೆ 12.8 ವೋಲ್ಟ್, 12 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತನ್ನಿ. 153 ವ್ಯಾಟ್-ಅವರ್, ಫೈಬರ್ ಮೋಡೆಮಿಗೆ 16-17 ತಾಸು ಬರುತ್ತದೆ. ಚಾರ್ಜ್ ತುಂಬಿದಾಗ ಅದು 14.4 ವೋಲ್ಟಿಗೆ ಏರುವುದರಿಂದ ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ ರೆಗ್ಯುಲೇಟರ್ ಕಡ್ಡಾಯ. ಮೋಡೆಮ್ಮಿನ ತಳದ ಚೀಟಿಯಲ್ಲಿ 12 ವೋಲ್ಟ್ ಇದೆಯೋ 9 ವೋಲ್ಟ್ ಇದೆಯೋ, ಪಿನ್ನಿನ ನಡುವೆ ಪ್ಲಸ್ ಇದೆಯೋ ನೋಡಿಯೇ ಚುಚ್ಚಿ. ಹೆಚ್ಚಿನವಕ್ಕೆ 5.5 ಮತ್ತು 2.1 ಮಿ.ಮೀ. ಪಿನ್ನು ಹೊಂದುತ್ತದೆ. ದೊಡ್ಡ ಇನ್ವರ್ಟರ್ ಇದ್ದರೂ ರಾತ್ರಿ ಬರೀ ಮೋಡೆಮಿಗಾಗಿ ಅದನ್ನು ಓಡಿಸುವುದು ನಷ್ಟ. ಏನೂ ಹೊರೆಯಿಲ್ಲದೆ ಇನ್ವರ್ಟರ್ ತಾನೇ 15-20 ವ್ಯಾಟ್ ತಿನ್ನುತ್ತದೆ.

ನಿಮ್ಮ ಬ್ಯಾಟರಿ ಇದ್ದು ಆ ತುದಿಯಲ್ಲಿ ಕರೆಂಟು ಹೋದರೆ ಪ್ರಯೋಜನವಿಲ್ಲ. ಕೇಬಲ್‌ನವರ ಓಎಲ್‌ಟಿ ಇರುವ ಕೋಣೆಯಲ್ಲಿ ಎಷ್ಟು ತಾಸಿನ ಬ್ಯಾಟರಿ ಇದೆ, ಜನರೇಟರ್ ಇದೆಯೇ ಕೇಳಿ. ರಸ್ತೆ ಬದಿ ಡಬ್ಬಿಯಲ್ಲಿ ಕರೆಂಟು ಬೇಕಾದ ಸ್ವಿಚ್ ಏನಾದರೂ ಕೂತಿದೆಯೇ ಎಂದೂ ಕೇಳಿ. ಜಿಪಾನ್‌ನಲ್ಲಿ ದಾರಿಯ ಸ್ಪ್ಲಿಟರಿಗೆ ಕರೆಂಟೇ ಬೇಡ, ಅದೇ ಅದರ ಹೆಚ್ಚುಗಾರಿಕೆ. ಗೋಪುರದ ಬಗ್ಗೆಯೂ ಅದೇ ಪ್ರಶ್ನೆ. ಕಳೆದ ಜುಲೈಯಲ್ಲಿ ಕರೆಂಟು ಹೋದ ಮೇಲೆ ಎಷ್ಟು ತಾಸಿಗೆ ಸಿಗ್ನಲ್ ಹೋಗುತ್ತಿತ್ತು ಎಂದು ಊರಿನವರನ್ನು ಕೇಳಿದರೆ ಖಚಿತ ಉತ್ತರ ಸಿಗುತ್ತದೆ.

ಸಿಡಿಲು. ಘಟ್ಟದ ಮೇಲೆ ಸಿಡಿಲಿನ ಕಾಟ ಹೆಚ್ಚು ಏಪ್ರಿಲ್-ಮೇಯಲ್ಲಿ, ಮತ್ತೆ ಮಳೆ ಹಿಂದಿರುಗುವಾಗ ಅಕ್ಟೋಬರದಲ್ಲಿ. ಏಪ್ರಿಲ್‌ನಲ್ಲಿ ಚಿರೆಕಲ್ಲಿನ ನೆಲ ಒಣಗಿ ಬಿರಿದಿರುತ್ತದೆ. ಅರ್ಥಿಂಗ್ ಗುಂಡಿಯ ಪ್ರತಿರೋಧ ಏರುವುದೂ ಆಗಲೇ. ಮಾರ್ಚಿನಿಂದ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿ. ಏರ್‌ಫೈಬರ್ ಹಾಕಿಸಿದರೆ ಹೊರಗಿನಿಂದ ಬರುವ ಲ್ಯಾನ್ ಕೇಬಲಿಗೆ, ಗೋಡೆ ದಾಟುವ ಮೊದಲು, ಪಿಓಇ ಸರ್ಜ್ ಅರೆಸ್ಟರ್ (ಲ್ಯಾನ್ ಕೇಬಲಿನಲ್ಲಿ ಬರುವ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಕೂರಿಸಿ ಅದರ ಹಸಿರು ತಂತಿಯನ್ನು ಅದೇ ಅರ್ಥಿಂಗಿಗೆ ಜೋಡಿಸಿ. ನೆಲಕ್ಕೆ ಮುಟ್ಟದ ಅರೆಸ್ಟರ್ ಬರೀ ಜೋಡಣೆಯ ಡಬ್ಬಿ. ಲೋಹವಿಲ್ಲದ ಫೈಬರಿನಲ್ಲಿ ಈ ಚಿಂತೆ ಇಲ್ಲ, ಸಿಡಿಲು ಬರುವುದು ಕರೆಂಟಿನ ಅಡಾಪ್ಟರಿನಿಂದ ಮಾತ್ರ. ಗುಡುಗು ಶುರುವಾದಾಗ ಅದನ್ನು ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಕಾಲ್ ಕೂಡ ನಿಲ್ಲುವುದಿಲ್ಲ.

---

ತೋಟದಮನೆ:

ಎಲ್ಲರಿಗೂ ಧನ್ಯವಾದ. ಮೂರು ದಿನ ಅಳೆದೆವು. ಮಾಡಿನ ನೆತ್ತಿಯಲ್ಲಿ ಸಿಗುವುದು ಎನ್28 ಮಾತ್ರ, ಮೈನಸ್ 97, ಎಸ್‌ಐಎನ್‌ಆರ್ 7. ಬೆಳಿಗ್ಗೆ ಏರುವ ವೇಗ 9, ರಾತ್ರಿ 9ಕ್ಕೆ 2ರಿಂದ 3. ಗೋಪುರದಲ್ಲಿ ಮೈಕ್ರೋವೇವ್ ತಟ್ಟೆ ಇದೆ. ಹಾಗಾಗಿ ಫೈಬರ್ ಎಂದು ನಿರ್ಧಾರ. ದರೆಯ ಮೇಲಿನ ದಾರಿ ಅಳೆದರೆ 560 ಮೀಟರ್ ಆಗುತ್ತದೆ. ಕೇಬಲ್‌ನವರು ಎಡಿಎಸ್‌ಎಸ್ ತರಿಸಲು ಒಪ್ಪಿದ್ದಾರೆ, ಕೇಬಲ್ ಮತ್ತು ಕಂಬದ ಖರ್ಚು ನಮ್ಮದು. ಎರಡು ಸಂಶಯ ಉಳಿದಿವೆ. ವೈಫೈ ಜಗಲಿಯಿಂದ ಒಳಗಿನ ಕೋಣೆಗೆ ಬರುತ್ತದೆಯೇ? ಫೈಬರ್ ನಿಂತ ದಿನಕ್ಕೆ ಬದಲಿ ಏನು?

---

ಗೋಪುರ:

ಚಿರೆಕಲ್ಲಿನ ಒಂದೂವರೆ ಅಡಿ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಒಂದೇ ಸಲ, ಎರಡನೆಯದಕ್ಕೆ ಸೋಲುತ್ತದೆ. ಮೋಡೆಮನ್ನು ವಯರ್ ಬರುವ ಮೂಲೆಯಲ್ಲೇ ಇಡಬೇಕೆಂದಿಲ್ಲ. ತೆಳು ಫೈಬರನ್ನು ಅಟ್ಟದ ಮೇಲಿಂದ ನಡುಮನೆಗೆ ತರಬಹುದು, ಜಿ.657ಎ2 ಬಗೆಯದಾದರೆ 7.5 ಮಿ.ಮೀ. ತ್ರಿಜ್ಯದ ತಿರುವನ್ನೂ ತಾಳುತ್ತದೆ. ಕೆಲಸ ಮಾಡುವ ಕೋಣೆಗೆ ಅಲ್ಲಿಂದ ಕ್ಯಾಟ್6 ಎಳೆದು ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಡಬ್ಬಿ) ಮಾಡಿ ಇಡಿ. ತಂತಿಯಿಲ್ಲದ ವೈಫೈ ಎಕ್ಸ್‌ಟೆಂಡರ್ ಬೇಡ, ವೇಗ ಅರ್ಧವಾಗುತ್ತದೆ. ನೆಟ್ ನಿಧಾನ ಎನಿಸಿದಾಗಲೆಲ್ಲ ಮೊದಲು ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ಅಳೆಯಿರಿ. ಲೈನಿನವರಿಗೆ ಹೋಗುವ ದೂರುಗಳಲ್ಲಿ ಎಷ್ಟೋ ಮನೆಯೊಳಗಿನ ವೈಫೈಯದ್ದೇ.

ಬದಲಿಗೆ ಒಂದು 4ಜಿ ರೂಟರ್, ಅದರಲ್ಲಿ ಬೇರೆ ಕಂಪನಿಯ ಸಿಮ್, ಅಟ್ಟದ ಕಿಟಕಿಯಲ್ಲಿ. ರಾತ್ರಿ 2-3 ಎಂಬಿಪಿಎಸ್ ಸಿಕ್ಕರೂ ಕ್ಯಾಮೆರಾ ಮುಚ್ಚಿ ದನಿ ಮಾತ್ರ ಇಟ್ಟರೆ ಮೀಟಿಂಗ್ ನಡೆಯುತ್ತದೆ.

---

ಬೆಸುಗೆ:

ಖರ್ಚು ನಿಮ್ಮದಾದರೆ ಕೇಬಲ್ ನಿಮ್ಮದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ನಾಳೆ ಬಿಎಸ್‌ಎನ್‌ಎಲ್‌ನವರೋ ಮತ್ತೊಬ್ಬರೋ ಅದೇ ರಸ್ತೆಗೆ ಬಂದರೆ ನಿಮ್ಮ ನಾಲ್ಕೆಳೆಯಲ್ಲಿ ಒಂದನ್ನು ಅವರಿಗೆ ಜೋಡಿಸಬಹುದು, 560 ಮೀಟರ್ ಮತ್ತೆ ಎಳೆಯಬೇಕಿಲ್ಲ. ಮೊದಲ ಮಳೆಗಾಲ ದಾಟುವ ತನಕ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೊಮ್ಮೆ ಕಟ್ಟಿ. ಬೆಸುಗೆ ಯಂತ್ರ ಶಿರಸಿಯಲ್ಲೇ ಇದೆಯೋ ಹುಬ್ಬಳ್ಳಿಯಿಂದ ಬರಬೇಕೋ ಕೇಳಿ. ಹುಬ್ಬಳ್ಳಿ ಎಂದರೆ ಕಡಿದ ಲೈನಿಗೆ ಎರಡು-ಮೂರು ದಿನ ಎಂದು ಹಿಡಿಯಿರಿ.

ಎರಡೂ ತುದಿಯಲ್ಲಿ 15 ಮೀಟರ್ ಕೇಬಲ್ ಹೆಚ್ಚಿಗೆ ಬಿಡಿಸಿ, ಒಂದಡಿ ಅಗಲದ ಸುರುಳಿ ಮಾಡಿ ಕಂಬಕ್ಕೆ ಕಟ್ಟಿಸಿ. ನಡುವೆ ಮರ ಬಿದ್ದು ಹರಿದರೆ ಆ ಸುರುಳಿಯಿಂದ ಎಳೆದುಕೊಂಡು ಒಂದೇ ಬೆಸುಗೆಯಲ್ಲಿ ಮುಗಿಸಬಹುದು. ಕಂಬಗಳಿಗೆ ಮನೆ ಕಡೆಯಿಂದ 1, 2, 3 ಎಂದು ಬಣ್ಣದಲ್ಲಿ ಅಂಕಿ ಬರೆಯಿರಿ. ಫೋನಿನಲ್ಲಿ ‘ಐದನೇ ಕಂಬದ ಹತ್ತಿರ ಹಲಸಿನ ಕೊಂಬೆ ಬಿದ್ದಿದೆ’ ಎಂದು ಹೇಳಲು ಸಾಧ್ಯವಾದರೆ ಲೈನ್‌ಮನ್ ಅಲ್ಲಿಗೇ ನೇರ ಬರುತ್ತಾನೆ.